ನೀರು ತೂರುವ ತೊರಕೆ, ಕರೆಂಟು ಮೂಸುವ ಶಾರ್ಕ್

2020ರ ಅಕ್ಟೋಬರ್ ತಿಂಗಳ ನಡುವೆ, ಕಾಕಿನಾಡದ ಬಳಿ ದಡ ಹತ್ತಿದ ವಾಯುಭಾರ ಕುಸಿತವೊಂದು ತೆಲಂಗಾಣ ದಾಟಿ, ಕಲಬುರಗಿ ಸೊಲ್ಲಾಪುರಗಳ ಮೇಲೆ ಮಳೆ ಸುರಿದು ಅರಬ್ಬಿ ಸಮುದ್ರದತ್ತ ಸಾಗಿತು. ಮೇಲಿನ ಉಜನಿ ಜಲಾಶಯದಿಂದ ಬಿಟ್ಟ ನೀರೂ ಸೇರಿ ಭೀಮಾ ಹೊಳೆ ಉಕ್ಕಿತು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನೀರು ನುಗ್ಗಿತು; ದನಕರು ಬಿಚ್ಚಿಕೊಂಡು ಜನ ಎತ್ತರದ ಜಾಗ ಹುಡುಕಿ ನಡೆದರು, ಹೊಲದ ಬೆಳೆ ಕೆಸರಿನಲ್ಲಿ ಮಲಗಿತು. ಅದೇ ತಿಂಗಳು ರಾಜ್ಯದ ಇನ್ನೊಂದು ತುದಿಯಲ್ಲಿ, ಮಲ್ಪೆ ಬಂದರಿನಲ್ಲಿ, ಕ್ರೇನೊಂದು ಎರಡು ಬೃಹತ್ ತೊರಕೆ ಮೀನುಗಳನ್ನು ದೋಣಿಯಿಂದ ಎತ್ತಿ ಇಳಿಸುತ್ತಿತ್ತು. ಒಂದು 750 ಕಿಲೋ, ಇನ್ನೊಂದು 250 ಕಿಲೋ. ಅವು ಮಾಂಟಾ ತೊರಕೆಗಳು.

ಆ ಚಿತ್ರ ಬಹಳ ಜನರ ಮೊಬೈಲಿನಲ್ಲಿ ಓಡಾಡಿತು. ಬಾಯಿಯ ಎರಡು ಪಕ್ಕದಲ್ಲಿ ಕೊಂಬಿನಂಥ ಮಡಿಕೆ, ಜೋತುಬಿದ್ದ ಅಗಲ ರೆಕ್ಕೆ, ಸುತ್ತ ಬೆರಗಾಗಿ ನಿಂತ ಮಂದಿ. ಮೀನಿನ ತೂಕ ಎಲ್ಲರಿಗೂ ಗೊತ್ತಾಯಿತು, ಬದುಕು ಗೊತ್ತಾಗಲಿಲ್ಲ. ಶಾರ್ಕ್ ಮತ್ತು ತೊರಕೆಗಳ ಬಗ್ಗೆ ಮನುಷ್ಯನಿಗಿದ್ದ ತಿಳಿವಳಿಕೆ ಬಹುಕಾಲ ಹೀಗೆಯೇ, ದಡಕ್ಕೆ ಬಂದ ಹೆಣವನ್ನು ಅಳೆದು ಕೊಯ್ದು ಪಡೆದದ್ದಾಗಿತ್ತು. 1943ರಲ್ಲಿ ಫ್ರಾನ್ಸಿನ ಝಾಕ್ ಕೂಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸಾಧನವನ್ನು ರೂಪಿಸಿದ ಮೇಲೆ, ಈಜುತ್ತಿರುವ ಮೀನಿನ ಪಕ್ಕದಲ್ಲಿ ಈಜುತ್ತಾ ಅದನ್ನು ನೋಡುವುದು ಸಾಮಾನ್ಯ ಮನುಷ್ಯರಿಗೂ ಸಾಧ್ಯವಾಯಿತು. ಆಮೇಲೆ ತಿಳಿದ ಸಂಗತಿಗಳೇ ಈ ಅಧ್ಯಾಯದ ವಿಷಯ. ಅದನ್ನು ಕಡಲ ದಂಡೆ ಬಿಟ್ಟು ಭೀಮೆಯ ದಂಡೆಯಿಂದ ಶುರುಮಾಡಲು ನನಗೆ ಕಾರಣವಿದೆ.

ಆಳಂದ ತಾಲ್ಲೂಕಿನಿಂದ ಇಳಿದು ಬರುವ ಅಮರ್ಜಾ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಅಲ್ಲಿಂದ ಜೇವರ್ಗಿಯ ಮಗ್ಗುಲಲ್ಲಿ ಹಾದು, ರಾಯಚೂರಿನ ಬಳಿ ಕೃಷ್ಣೆಗೆ ಸೇರುತ್ತದೆ. ಈ ಮೂರೂ ತಾಲ್ಲೂಕುಗಳಿಂದ ಯಾವ ಕಡೆ ಹೊರಟರೂ ಕಡಲು ನೇರ ಗೆರೆಯಲ್ಲೇ ಮುನ್ನೂರು ಕಿಲೋಮೀಟರಿಗಿಂತ ದೂರ. ಬೇಸಿಗೆಯಲ್ಲಿ ಇಲ್ಲಿಯ ಎರೆಭೂಮಿ ಬಿರುಕು ಬಿಟ್ಟಾಗ ಶಾರ್ಕಿನ ಮಾತೆತ್ತುವುದು ಅಸಂಗತವೆನಿಸಬಹುದು. ಆದರೆ ಈ ಸೀಮೆಯ ಮನೆಗಳಲ್ಲಿ ನೆಲಕ್ಕೆ ಹಾಸಿದ ಫರ್ಸಿ ಕಲ್ಲು ಕಡಲ ತಳದ ಕೆಸರು. ಶಹಾಬಾದ್ ಕಲ್ಲೆಂದು ದೇಶವೆಲ್ಲ ಬಲ್ಲ ಈ ಸುಣ್ಣದ ಕಲ್ಲು, ಒಂದು ಪ್ರಾಚೀನ ಆಳವಿಲ್ಲದ ಸಮುದ್ರದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಹಾಗಾಗಿಯೇ ಖಣಿಯಲ್ಲಿ ಅದು ಹಲಗೆ ಹಲಗೆಯಾಗಿ ಎದ್ದು ಬರುತ್ತದೆ. ಭೀಮೆಯ ದಂಡೆಯ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪವನ್ನು ಕಡೆದವರ ಕೈಗೆ ಸಿಕ್ಕಿದ್ದೂ ಸುಣ್ಣದ ಕಲ್ಲೇ.

ಆ ಸಮುದ್ರದಲ್ಲಿ ಶಾರ್ಕ್ ಇರಲಿಲ್ಲ. ಮೀನೇ ಇರಲಿಲ್ಲ, ಬೆನ್ನೆಲುಬೆಂಬುದು ಭೂಮಿಯ ಮೇಲೆ ಇನ್ನೂ ರೂಪುಗೊಂಡಿರಲಿಲ್ಲ. ಶಾರ್ಕ್ ಬಳಗ ಕಾಣಿಸಿಕೊಳ್ಳುವುದು 40 ಕೋಟಿ ವರ್ಷಗಳಷ್ಟು ಹಿಂದೆ. ಭೂಮಿಯ ಮೇಲೆ ಮರಗಳು ಎದ್ದು ನಿಲ್ಲುವುದಕ್ಕೆ ಮೊದಲೇ ಶಾರ್ಕಿನ ಪೂರ್ವಜರು ಈಜುತ್ತಿದ್ದರು. ಫರ್ಸಿ ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು.

ತೊರಕೆ ಈ ಕಥೆಗೆ ಬರುವುದು ಕಲ್ಲಿನ ಮುಂದಿನ ಪುಟದಲ್ಲಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ನೆಲ ಬಿರಿದು ಲಾವಾ ಹರಿಯಿತು. ಆಳಂದ, ಅಫಜಲಪುರಗಳು ಕೂತಿರುವುದು ಆ ಕಪ್ಪು ಕಲ್ಲಿನ ಹಾಸಿನ ಮೇಲೆ. ಜೇವರ್ಗಿಯ ಸೀಮೆಯಲ್ಲಿ ಹಾಸು ತೆಳುವಾಗಿ ಅಡಿಯ ಸುಣ್ಣದ ಕಲ್ಲು ಇಣುಕುತ್ತದೆ. ಎರೆಮಣ್ಣು ಆ ಲಾವಾ ಸವೆದು ಆದದ್ದು. ಲಾವಾ ಒಂದೇ ಸಲ ಹರಿಯಲಿಲ್ಲ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಸಾವಿರಾರು ವರ್ಷ ಬಿಡುವಿತ್ತು, ಆ ಬಿಡುವಿನಲ್ಲಿ ಕೆರೆಗಳು ತುಂಬಿದವು, ಹೊಳೆಗಳು ದಾರಿ ಹುಡುಕಿದವು. ಅಂಥ ಪದರಗಳಿಂದ, ನಾಗಪುರ ಮತ್ತು ತೆಲಂಗಾಣದ ಆಸಿಫಾಬಾದ್ ಕಡೆ ದೊರೆತ ಚಪ್ಪಟೆ ಹಲ್ಲುಗಳನ್ನು ಪಳೆಯುಳಿಕೆ ತಜ್ಞರಾದ ಜಿ.ವಿ.ಆರ್. ಪ್ರಸಾದ್ ಮತ್ತು ಫ್ರಾನ್ಸಿನ ಹೆನ್ರಿ ಕಪೆಟ್ಟಾ 1993ರಲ್ಲಿ ವರ್ಣಿಸಿದರು. ಅವು ಒಂದು ತೊರಕೆಯವು. ಇಗ್ಡಬಾಟಿಸ್ ಇಂಡಿಕಸ್ ಎಂದು ಹೆಸರಿಟ್ಟರು. ಚಿಪ್ಪುಜೀವಿಗಳನ್ನು ಅರೆದು ತಿನ್ನುವ ಹದ್ದು ತೊರಕೆಗಳ ಬಳಗದ್ದು ಅದು. ಅದೇ ದೊಡ್ಡ ಬಳಗದ ಇನ್ನೊಂದು ಕವಲು ಮುಂದೆ ಅರೆಯುವುದನ್ನು ಬಿಟ್ಟು ಸೋಸುವುದನ್ನು ಕಲಿತು ಮಾಂಟಾ ಆಯಿತು. ಸಿಕ್ಕಿದ್ದು ಹಲ್ಲು ಯಾಕೆಂದರೆ, ಶಾರ್ಕ್ ಮತ್ತು ತೊರಕೆಗಳ ಅಸ್ಥಿಪಂಜರದಲ್ಲಿ ಮೂಳೆ ಇಲ್ಲ. ನಮ್ಮ ಕಿವಿ, ಮೂಗಿನ ತುದಿಯಲ್ಲಿರುವಂಥ ಮೃದ್ವಸ್ಥಿ ಅವುಗಳ ಮೈಯ ಚೌಕಟ್ಟು. ಅದು ಬೇಗ ಕೊಳೆಯುತ್ತದೆ, ಹಲ್ಲು ಉಳಿಯುತ್ತದೆ.

ಹಾಗಾದರೆ ಇಂದು ಭೀಮೆಯಲ್ಲಿ ಶಾರ್ಕ್ ಈಜಿ ಬರಬಹುದೇ? ಹೊಳೆಯ ದಂಡೆಯ ಮಕ್ಕಳು ಕೇಳಬಹುದಾದ ಈ ಪ್ರಶ್ನೆ ನಿಜಕ್ಕೂ ಒಳ್ಳೆಯದು, ಏಕೆಂದರೆ ಹೊಳೆ ಹತ್ತುವ ಶಾರ್ಕ್ ಇದೆ. ಬುಲ್ ಶಾರ್ಕ್ ಎಂಬುದು ಅಮೆಜಾನ್ ನದಿಯಲ್ಲಿ ಸಮುದ್ರದಿಂದ ಸಾವಿರಾರು ಕಿಲೋಮೀಟರ್ ಒಳಗೆ, ಪೆರು ದೇಶದವರೆಗೆ ಹೋದದ್ದುಂಟು. 1937ರಲ್ಲಿ ಮಿಸಿಸಿಪಿಯಲ್ಲಿ ಇಲಿನಾಯ್ ರಾಜ್ಯದ ಆಲ್ಟನ್ ಊರಿನ ಬಳಿ ಒಂದು ಸಿಕ್ಕಿತ್ತು. ಗಂಗೆಯಲ್ಲಿ ಗಂಗಾ ಶಾರ್ಕ್ ಎಂಬ ಅತಿ ಅಪರೂಪದ ಬೇರೊಂದು ಜಾತಿಯೇ ಇದೆ.

ಉಪ್ಪುನೀರಿನ ಮೀನು ಸಿಹಿನೀರಿಗೆ ಬರುವುದು ಸುಲಭದ ಕೆಲಸವಲ್ಲ. ಶಾರ್ಕ್ ತನ್ನ ರಕ್ತದಲ್ಲಿ ಯೂರಿಯಾವನ್ನು ಕೂಡಿಟ್ಟುಕೊಂಡಿರುತ್ತದೆ. ನಾವು ಮೂತ್ರದಲ್ಲಿ ಹೊರಹಾಕುವ ಪದಾರ್ಥವನ್ನು ಅದು ಆಸ್ತಿಯಂತೆ ಕಾಪಾಡುತ್ತದೆ. ರಕ್ತವೂ ಕಡಲಷ್ಟೇ ಸಾಂದ್ರವಾಗಿರುವುದರಿಂದ ಮೈಯಿಂದ ನೀರು ಹೊರಗೆ ಸೋರಿಹೋಗುವುದಿಲ್ಲ. ಅದೇ ಮೈ ಹೊಳೆಗೆ ಬಂದರೆ ಹೊರಗಿನ ಸಿಹಿನೀರು ಒಳಗೆ ನುಗ್ಗತೊಡಗುತ್ತದೆ. ಬುಲ್ ಶಾರ್ಕ್ ಆಗ ರಕ್ತದ ಯೂರಿಯಾವನ್ನು ತಗ್ಗಿಸುತ್ತದೆ, ನೀರಿನಷ್ಟೇ ತಿಳಿಯಾದ ಮೂತ್ರವನ್ನು ಯಥೇಚ್ಛ ಹೊರಹಾಕುತ್ತದೆ, ಕಡಲಿನಲ್ಲಿ ಉಪ್ಪು ಹೊರದೂಡುವ ಗ್ರಂಥಿಯ ಕೆಲಸವನ್ನು ಕಡಿಮೆ ಮಾಡುತ್ತದೆ. ದೇಹಶಾಸ್ತ್ರದ ಮಟ್ಟಿಗೆ ಅದಕ್ಕೆ ಕೃಷ್ಣೆ ಹತ್ತಲು ತೊಡಕಿಲ್ಲ. ತೊಡಕಿರುವುದು ವಿಜಯವಾಡದ ಪ್ರಕಾಶಂ ಬ್ಯಾರೇಜು, ನಾಗಾರ್ಜುನಸಾಗರ, ಶ್ರೀಶೈಲ, ಜೂರಾಲ. ಈ ಕಟ್ಟೆಗಳನ್ನು ದಾಟಿ ಜೇವರ್ಗಿ ಮುಟ್ಟುವ ಶಾರ್ಕ್ ಇಲ್ಲ. ಭೀಮೆಯಲ್ಲಿ ಮಕ್ಕಳು ಈಜುವಾಗ ಹೆದರಬೇಕಾದ್ದು ಮರಳು ತೆಗೆದು ಬಿಟ್ಟ ಗುಂಡಿಗಳಿಗೆ.

ಶಾರ್ಕನ್ನು ಬದುಕಿದ್ದಂತೆ ನೋಡಬೇಕೆಂದರೆ ನಾವೇ ಕಡಲಿಗೆ ಹೋಗಬೇಕು. ಕರ್ನಾಟಕದಲ್ಲಿ ಅದಕ್ಕೆ ಪ್ರಸಿದ್ಧವಾದ ಜಾಗ ಒಂದೇ: ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗಿರುವ ನೇತ್ರಾಣಿ ದ್ವೀಪ. ಮೇಲಿನಿಂದ ನೋಡಿದರೆ ಹೃದಯದ ಆಕಾರ, ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳ ಗೂಡು, ಬುಡದಲ್ಲಿ ಹವಳ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ದ್ವೀಪವಿದು. ಹವಳ ಮತ್ತು ಹಕ್ಕಿಗಳ ಸಲುವಾಗಿ ಪರಿಸರದ ಜನ ಅದನ್ನು ವಿರೋಧಿಸಿ ಹೋರಾಡಿದ್ದಾರೆ. 2022ರ ಅಕ್ಟೋಬರಿನಲ್ಲಿ ತೆರೆಗೆ ಬಂದ, ಅಮೋಘವರ್ಷ ನಿರ್ದೇಶಿಸಿದ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಇದೇ ನೇತ್ರಾಣಿಯ ನೀರಿಗಿಳಿಯುತ್ತಾರೆ. ಕಡಲನ್ನೇ ಕಾಣದ ಎಷ್ಟೋ ಕನ್ನಡಿಗರು ತಮ್ಮ ರಾಜ್ಯದ ಹವಳವನ್ನು ಮೊದಲು ನೋಡಿದ್ದು ಆ ಚಿತ್ರದಲ್ಲಿ. ನೂರು ಪಠ್ಯಪುಸ್ತಕಗಳಿಂದ ಆಗದ ಕೆಲಸವನ್ನು ಅದು ಮಾಡಿತೆಂದು ನಾನು ನಂಬಿದ್ದೇನೆ.

ಹೀಗೆ ನೀರಿಗಿಳಿಯುವವರ ಬೆನ್ನಿನ ಸಿಲಿಂಡರಿನಲ್ಲಿ ಇರುವುದು ಆಮ್ಲಜನಕವೆಂದು ಪತ್ರಿಕೆಗಳೂ ಬರೆಯುತ್ತವೆ. ಸಾಮಾನ್ಯವಾಗಿ ಅದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ, ಒತ್ತಿ ತುಂಬಿದ್ದು. ಅಪ್ಪಟ ಆಮ್ಲಜನಕ ಏಳೆಂಟು ಮೀಟರ್ ಕೆಳಗೆ ಹೋದರೆ ವಿಷವಾಗಿ ಸೆಳೆತ ತರಬಲ್ಲದು. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. 20 ಮೀಟರ್ ಆಳದಲ್ಲಿ ಮೈಮೇಲೆ ಮೂರು ವಾತಾವರಣ. ಬಾಯಿಗೆ ಕಚ್ಚಿಕೊಂಡ ರೆಗ್ಯುಲೇಟರ್ ಪ್ರತಿ ಉಸಿರನ್ನೂ ಸುತ್ತಲ ಒತ್ತಡಕ್ಕೆ ಸರಿಹೊಂದಿಸಿ ಕೊಡುವುದರಿಂದ ಎದೆ ಅದುಮಿಹೋಗುವುದಿಲ್ಲ. ಆ ಆಳದಲ್ಲಿ ತುಂಬಿಕೊಂಡ ಉಸಿರನ್ನು ಬಿಗಿಹಿಡಿದು ಮೇಲೆದ್ದರೆ ಗಾಳಿ ಮೂರು ಪಟ್ಟು ಹಿಗ್ಗಿ ಶ್ವಾಸಕೋಶ ಹರಿಯುತ್ತದೆ. ಹೀಗಾಗಿ ಡೈವಿಂಗ್ ಕಲಿಯುವವರು ಮೊದಲು ಬಾಯಿಪಾಠ ಮಾಡುವುದು ಎಂದೂ ಉಸಿರು ಹಿಡಿಯಬಾರದೆಂಬ ನಿಯಮವನ್ನು. ಅವಸರದಲ್ಲಿ ಮೇಲೇರಿದರೂ ಅಪಾಯ; ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಕೀಲುಗಳಿಗೂ ನರಗಳಿಗೂ ನುಗ್ಗುತ್ತದೆ.

ಕೆಳಗೆ ಇಳಿದಂತೆ ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ, ಲೋಕ ನೀಲಿಯಾಗುತ್ತದೆ. ಮುಖವಾಡದ ಗಾಜಿನ ಹಿಂದೆ ಬೆಳಕು ಬಾಗುವುದರಿಂದ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಮೊದಲ ಸಲ ಶಾರ್ಕ್ ಕಂಡವರು ಅದರ ಉದ್ದವನ್ನು ಹೆಚ್ಚಿಸಿ ಹೇಳಿದರೆ ಅರ್ಧ ತಪ್ಪು ಭೌತಶಾಸ್ತ್ರದ್ದು. ಶಬ್ದ ನೀರಿನಲ್ಲಿ ನಾಲ್ಕು ಪಟ್ಟು ವೇಗವಾಗಿ ಓಡುತ್ತದೆ, ಎರಡೂ ಕಿವಿಗೆ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುತ್ತದೆ, ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ. ನಮ್ಮ ಇಂದ್ರಿಯಗಳೆಲ್ಲ ಅಲ್ಲಿ ಮಂಕು.

ಶಾರ್ಕಿಗೆ ಅಲ್ಲಿಯೇ ನಮಗಿಲ್ಲದ ಇಂದ್ರಿಯವೊಂದಿದೆ. 1678ರಲ್ಲಿ ಇಟಲಿಯ ಸ್ಟೆಫಾನೊ ಲೊರೆಂಜಿನಿ ಎಂಬ ವೈದ್ಯ, ಈ ಬಳಗದ ಮೀನುಗಳ ಮೂತಿಯ ಸುತ್ತ ಲೋಳೆ ತುಂಬಿದ ಸಣ್ಣ ಸಣ್ಣ ನಳಿಕೆಗಳಿರುವುದನ್ನು ವಿವರವಾಗಿ ಬರೆದ. ಅವು ಯಾತಕ್ಕೆಂದು ಸುಮಾರು ಮುನ್ನೂರು ವರ್ಷ ಸರಿಯಾಗಿ ತಿಳಿಯಲಿಲ್ಲ. 1971ರಲ್ಲಿ ವಿಜ್ಞಾನಿ ಆಡ್ರಿಯನ್ ಕಾಲ್ಮೈನ್ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಚಪ್ಪಟೆ ಮೀನೊಂದನ್ನು ಮರಳಿನಡಿ ಹುದುಗಿಸಿಟ್ಟರು. ಶಾರ್ಕ್ ನೇರ ಬಂದು ಅಗೆಯಿತು. ಮೀನಿನ ಸುತ್ತ, ವಿದ್ಯುತ್ ಹಾಯುವ ಅಗರ್ ಎಂಬ ಜೆಲ್ಲಿಯ ಗೋಡೆ ಕಟ್ಟಿ ವಾಸನೆಯನ್ನು ಬೇರೆ ಕಡೆ ಹರಿಸಿದರು. ಆಗಲೂ ಶಾರ್ಕ್ ಅಗೆದದ್ದು ಮೀನಿದ್ದ ಜಾಗವನ್ನೇ. ಗೋಡೆಯ ಮೇಲೆ ವಿದ್ಯುತ್ ಹಾಯದ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಈ ಸಲ ಶಾರ್ಕ್ ಏನೂ ಅರಿಯದೆ ಮೇಲೆಯೇ ಈಜಿಹೋಯಿತು. ಕೊನೆಗೆ ಮೀನನ್ನೇ ತೆಗೆದು, ಮೀನಿನ ಮೈಯಷ್ಟೇ ಕ್ಷೀಣ ಕರೆಂಟು ಹರಿಸುವ ಎರಡು ತಂತಿಗಳನ್ನು ಹೂತರು. ಶಾರ್ಕ್ ಆ ತಂತಿಗಳನ್ನು ಆಹಾರವೆಂದು ಅಗೆದು ಕಚ್ಚಿತು.

ಹೃದಯ ಬಡಿದರೆ, ಕಿವಿರು ಅಲುಗಿದರೆ, ಪ್ರತಿ ಜೀವಿಯ ಸುತ್ತ ಒಂದಿಷ್ಟು ವಿದ್ಯುತ್ ಸೋರುತ್ತದೆ. ಶಾರ್ಕ್ ಗುರುತಿಸುವುದು ಅದನ್ನೇ. ಒಂದು ಸೆಂಟಿಮೀಟರ್ ದೂರದಲ್ಲಿ ವೋಲ್ಟಿನ 20 ಕೋಟಿಯಲ್ಲಿ ಒಂದು ಪಾಲು ವ್ಯತ್ಯಾಸವಿದ್ದರೂ ಕೆಲವು ಜಾತಿಗಳಿಗೆ ತಿಳಿಯುತ್ತದೆ. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲಿನ ಎರಡು ತುದಿಗಳನ್ನು 3,000 ಕಿಲೋಮೀಟರ್ ದೂರದೂರ ಇಟ್ಟರೆ ನಡುವೆ ಎಷ್ಟು ಇಳಿಜಾರು ಇರುತ್ತದೋ ಅಷ್ಟು. ಈ ಇಂದ್ರಿಯ ಕೆಲಸ ಮಾಡುವುದು ಮಾತ್ರ ಬಹಳ ಹತ್ತಿರದಲ್ಲಿ, ಒಂದು ಮೀಟರಿನ ಆಸುಪಾಸಿನೊಳಗೆ. ದೂರದಿಂದ ಶಬ್ದ, ಆಮೇಲೆ ವಾಸನೆ, ಆಮೇಲೆ ಕಣ್ಣು, ಕಟ್ಟಕಡೆಗೆ ಕರೆಂಟು. ಒಂದೊಂದು ಇಂದ್ರಿಯವೂ ಬೇಟೆಯನ್ನು ಮುಂದಿನದಕ್ಕೆ ಒಪ್ಪಿಸುತ್ತಾ ಹೋಗುತ್ತದೆ. ಮುಳುಗುಗಾರನ ಎದೆ ಡವಡವ ಎನ್ನುತ್ತಿದ್ದರೆ ಪಕ್ಕದಲ್ಲಿ ಸುಳಿದ ಶಾರ್ಕಿಗೆ ಆ ಸುದ್ದಿ ಮುಟ್ಟಿರಲೂಬಹುದು. ಆದರೂ ಅದು ತಿರುಗಿ ಹೋಗುತ್ತದೆ, ಏಕೆಂದರೆ ಗುಳ್ಳೆ ಉಗುಳುವ ಈ ವಿಚಿತ್ರ ಪ್ರಾಣಿ ಅದರ ಆಹಾರದ ಪಟ್ಟಿಯಲ್ಲಿಲ್ಲ. ಹವಳದ ಸೀಮೆಯಲ್ಲಿ ಮುಳುಗುವ ಬಹುತೇಕರ ಅನುಭವ ಒಂದೇ: ಶಾರ್ಕನ್ನು ಹತ್ತಿರದಿಂದ ನೋಡುವುದೇ ಕಷ್ಟ, ನಾಚಿ ಸರಿದುಬಿಡುತ್ತದೆ.

ಫ್ಲಾರಿಡಾದ ನಿಸರ್ಗ ಇತಿಹಾಸ ಸಂಗ್ರಹಾಲಯ ಜಗತ್ತಿನ ಶಾರ್ಕ್ ಕಡಿತಗಳ ಲೆಕ್ಕ ಇಡುತ್ತದೆ. 2024ರಲ್ಲಿ ಇಡೀ ಭೂಮಿಯ ಮೇಲೆ, ಮನುಷ್ಯ ಕೆಣಕದೆ ಶಾರ್ಕ್ ಕಚ್ಚಿದ ಪ್ರಕರಣ 47. ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನು ಇಡಬೇಕು. ಭಾರತದಲ್ಲಿ 2000ರಿಂದ 2019ರವರೆಗೆ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂದು ಸಂಶೋಧಕರು ಅಂದಾಜಿಸಿದ್ದಾರೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಬೆಳಗಿನ ಜಾವ ತೊಗರಿ ಹೊಲಕ್ಕೆ ಬರಿಗಾಲಲ್ಲಿ ಇಳಿಯುವ ಆಳಂದದ ಹೆಣ್ಣುಮಗಳು ಎದುರಿಸುವ ಅಪಾಯ, ಶಾರ್ಕುಗಳ ನಡುವೆ ಮುಳುಗುವವನ ಅಪಾಯಕ್ಕಿಂತ ದೊಡ್ಡದು. ಅವಳ ಬಗ್ಗೆ ಯಾರೂ ಭಯಾನಕ ಸಿನಿಮಾ ತೆಗೆದಿಲ್ಲ.

ಮಾಂಟಾ ನೋಡಬೇಕೆಂದರೆ ನೇತ್ರಾಣಿ ಸಾಲದು. ಲಕ್ಷದ್ವೀಪಕ್ಕೆ, ಇನ್ನೂ ಚೆನ್ನಾಗಿ ಬೇಕೆಂದರೆ ಮಾಲ್ಡೀವ್ಸಿಗೆ ಹೋಗಬೇಕು. ಮಾಂಟಾಗಳಲ್ಲಿ ಹವಳದ ಬಳಿ ಇರುವುದೊಂದು ಜಾತಿ, ರೆಕ್ಕೆಯ ತುದಿಯಿಂದ ತುದಿಗೆ ಮೂರು ನಾಲ್ಕು ಮೀಟರ್. ತೆರೆದ ಸಾಗರದಲ್ಲಿ ಅಲೆಯುವುದು ಇನ್ನೊಂದು, ಏಳು ಮೀಟರ್ ತನಕ. ಇವೆರಡೂ ಬೇರೆ ಬೇರೆ ಎಂದು ಸಂಶೋಧಕಿ ಆಂಡ್ರಿಯಾ ಮಾರ್ಷಲ್ ಮತ್ತು ಸಂಗಡಿಗರು ಖಚಿತಪಡಿಸಿದ್ದು 2009ರಲ್ಲಿ ಮಾತ್ರ. ಒಂದು ಕೋಣೆಯಷ್ಟು ಅಗಲದ ಪ್ರಾಣಿಯ ಜಾತಿಯನ್ನು ಗುರುತಿಸಲು ಇಪ್ಪತ್ತೊಂದನೆಯ ಶತಮಾನ ಬರಬೇಕಾಯಿತು! ಸಾಮಾನ್ಯ ತೊರಕೆಗಳ ಬಾಲದಲ್ಲಿರುವ ವಿಷದ ಮುಳ್ಳು ಇವಕ್ಕಿಲ್ಲ. ಕಚ್ಚುವುದೂ ಇಲ್ಲ. ಇಷ್ಟು ದೊಡ್ಡ ಮೈ ಬೆಳೆಯುವುದು ತೀರ ಸಣ್ಣ ತೇಲುಜೀವಿಗಳನ್ನು, ಪ್ಲಾಂಕ್ಟನ್ನುಗಳನ್ನು ತಿಂದು.

ಅವು ಹೇಗೆ ಸೋಸುತ್ತವೆ ಎಂಬುದು ಈ ಬಳಗದ ಅತಿ ಚೆಂದದ ಗುಟ್ಟು. ಜರಡಿ ಹಿಡಿದಂತೆ, ತೂತಿಗಿಂತ ದೊಡ್ಡದು ನಿಲ್ಲುತ್ತದೆ, ಸಣ್ಣದು ಹೋಗುತ್ತದೆ ಎಂದು ಎಲ್ಲರೂ ಭಾವಿಸಿದ್ದರು. ಆದರೆ ಜರಡಿ ಕಟ್ಟಿಕೊಳ್ಳುತ್ತದೆ. ಮಾಂಟಾ ಗಂಟೆಗಟ್ಟಲೆ ಬಾಯಿ ತೆರೆದು ಈಜಿದರೂ ಅದರ ಕಿವಿರು ಕಟ್ಟುವುದಿಲ್ಲ. ಸಾಲದ್ದಕ್ಕೆ ಸಂದಿಗಿಂತ ಸಣ್ಣ ಜೀವಿಗಳೂ ಒಳಗೇ ಉಳಿಯುತ್ತವೆ. 2018ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಂಶೋಧಕರು ಮಾಂಟಾ ಕಿವಿರಿನ ಮಾದರಿಯೊಂದನ್ನು ಮಾಡಿ ನೀರು ಹರಿಸಿ ನೋಡಿದರು. ಕಿವಿರಿನ ಒಳಗೆ ಓರೆಯಾಗಿ ನಿಂತ ಎಲೆಯಂಥ ಹಾಲೆಗಳ ಸಾಲು ಸಾಲು. ನೀರು ಪ್ರತಿ ಹಾಲೆಯ ಹಿಂದೆ ಸುಳಿಯಾಗಿ, ಸರಕ್ಕನೆ ತಿರುಗಿ ಸಂದಿಯೊಳಗೆ ಇಳಿಯುತ್ತದೆ. ನೀರಿನಷ್ಟು ಚುರುಕಾಗಿ ತಿರುಗಲಾರದ ಕಣ ಹಾಲೆಗೆ ತಾಗಿ ಪುಟಿದು, ಮುಂದಿನದಕ್ಕೆ ತಾಗಿ ಮತ್ತೆ ಪುಟಿದು, ಗಂಟಲಿನ ಕಡೆ ಸಾಗುತ್ತದೆ. ತೊಗರಿ ರಾಶಿ ಮಾಡುವವರು ಕಣದಲ್ಲಿ ಗಾಳಿ ನೋಡಿ ತೂರುವಾಗ ನಡೆಯುವುದೂ ಇದೇ. ಅಲ್ಲಿ ಯಾವ ತೂತೂ ಇಲ್ಲ. ಹೊಟ್ಟು ಗಾಳಿಯೊಡನೆ ತಿರುಗಿಹೋಗುತ್ತದೆ, ಕಾಳು ತನ್ನ ಓಟ ಬಿಡದೆ ಬುಡಕ್ಕೆ ಬೀಳುತ್ತದೆ. ಕಸದಿಂದ ಕಟ್ಟಿಕೊಳ್ಳದ ಸೋಸುಕಗಳನ್ನು ಮಾಡಲು ಎಂಜಿನಿಯರುಗಳು ಈಗ ಮಾಂಟಾದ ಕಿವಿರನ್ನು ಅಭ್ಯಾಸ ಮಾಡುತ್ತಿದ್ದಾರೆ.

ಆ ತೇಲುಜೀವಿಗಳನ್ನು ಒಟ್ಟುಗೂಡಿಸಿ ಬಡಿಸುವುದು ಮುಂಗಾರು. ಜೂನಿನಲ್ಲಿ ನೈಋತ್ಯದ ಗಾಳಿ ಎದ್ದಾಗ ಅಫಜಲಪುರದ ರೈತ ಮೋಡ ನೋಡುತ್ತಾನೆ, ಅದೇ ಗಾಳಿ ನಮ್ಮ ಪಶ್ಚಿಮ ಕರಾವಳಿಯ ಮೇಲುನೀರನ್ನು ದಡದಿಂದಾಚೆ ಸರಿಸುತ್ತದೆ. ತೆರವಾದ ಜಾಗಕ್ಕೆ ತಳದ ತಣ್ಣನೆ ನೀರು ಪೋಷಕಾಂಶ ಹೊತ್ತು ಮೇಲೇಳುತ್ತದೆ. ಬಿಸಿಲು ತಾಗಿ ಹಸಿರು ಪಾಚಿ ಹುಲುಸಾಗಿ, ಅದನ್ನು ತಿನ್ನುವ ತೇಲುಜೀವಿ ಹುಲುಸಾಗಿ, ಬೂತಾಯಿ, ಬಂಗುಡೆ ಮೀನುಗಳ ಹಿಂಡು ಬೆಳೆಯುತ್ತದೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ನಿಯಮ ಇರುವುದೂ ಈ ಬೆಳೆಗಾಲಕ್ಕಾಗಿ. ಅದೇ ತಿಂಗಳುಗಳಲ್ಲಿ, ಮಾಲ್ಡೀವ್ಸಿನ ಬಾ ಹವಳದ್ವೀಪದ ಹನಿಫಾರು ಕೊಲ್ಲಿಯಲ್ಲಿ, ಮುಂಗಾರಿನ ಪ್ರವಾಹ ಮತ್ತು ಹುಣ್ಣಿಮೆ ಅಮಾವಾಸ್ಯೆಯ ಭರತ ಒಂದಕ್ಕೊಂದು ಎದುರಾಗಿ ಪ್ಲಾಂಕ್ಟನ್ನನ್ನು ಕಿರಿದಾದ ಕೊಲ್ಲಿಯೊಳಗೆ ತುರುಕುತ್ತವೆ. ಆಗ ಒಮ್ಮೊಮ್ಮೆ ನೂರಕ್ಕೂ ಹೆಚ್ಚು ಮಾಂಟಾಗಳು ಬಂದು ಸೇರುತ್ತವೆ. ಒಂದರ ಹಿಂದೆ ಒಂದು ಸಾಲುಗಟ್ಟಿ, ಸಾಲಿನ ತಲೆ ಬಾಲವನ್ನು ಮುಟ್ಟಿ ಚಕ್ರವಾಗಿ ಸುತ್ತುತ್ತವೆ. ಚಕ್ರ ನೀರನ್ನೇ ಸುಳಿಯಾಗಿಸಿ ಆಹಾರವನ್ನು ನಡುವಿಗೆ ಎಳೆಯುತ್ತದೆ. ಹಿಂದಕ್ಕೆ ಲಾಗ ಹಾಕಿ ಹಾಕಿ ತಿನ್ನುವುದೂ ಉಂಟು. 2011ರಲ್ಲಿ ಯುನೆಸ್ಕೊ ಬಾ ದ್ವೀಪಸಮೂಹವನ್ನು ಜೀವಗೋಳ ಮೀಸಲು ಪ್ರದೇಶವೆಂದು ಸಾರಿತು. ಹನಿಫಾರುವಿನಲ್ಲಿ ಈಗ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾಕ್ಕೆ ಅವಕಾಶವಿಲ್ಲ, ಸ್ನಾರ್ಕೆಲ್ ಧರಿಸಿ ಮೇಲ್ಮೈಯಲ್ಲಿ ತೇಲುತ್ತಾ ನೋಡಬೇಕು. ಮುಳುಗುಗಾರರ ಗುಂಪು ಮತ್ತು ಗುಳ್ಳೆಯ ಗೋಡೆ ಉಣ್ಣುವ ಮಾಂಟಾಗಳಿಗೆ ಅಡ್ಡಿಯಾಗುತ್ತದೆಂಬ ಕಾಳಜಿ ಅದರ ಹಿಂದಿದೆ. ನೋಡುವ ಹಕ್ಕಿಗಿಂತ ಉಣ್ಣುವ ಹಕ್ಕು ದೊಡ್ಡದೆಂದು ಒಂದು ಪ್ರವಾಸಿ ದೇಶ ಒಪ್ಪಿಕೊಂಡದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಸ್ಕೂಬಾದವರಿಗೆ ಮಾಂಟಾ ಸಿಗುವುದು ಇನ್ನೊಂದು ಜಾಗದಲ್ಲಿ, ಹವಳದ ‘ಕ್ಷೌರದಂಗಡಿ’ಗಳಲ್ಲಿ. ಅಲ್ಲಿ ಸಣ್ಣ ಮೀನುಗಳು ದೊಡ್ಡ ಮೀನುಗಳ ಮೈಗಂಟಿದ ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತವೆ. ಮಾಂಟಾ ಬಂದು ವೇಗ ತಗ್ಗಿಸಿ, ಬಂಡೆಯ ಮೇಲೆ ತೇಲಾಡುತ್ತಾ ಬಾಯಿ, ಕಿವಿರು ಬಿಚ್ಚಿಕೊಡುತ್ತದೆ. ಮುಳುಗುಗಾರ ತಳದ ಬಳಿ, ಮೂರು ಮೀಟರಿಗಿಂತ ಹತ್ತಿರ ಹೋಗದೆ, ಅಲುಗದೆ ಇರಬೇಕು. ಬೆನ್ನಟ್ಟಿದರೆ ಎರಡು ಬೀಸಿಗೆ ಅದು ಮಾಯ. ಸುಮ್ಮನಿದ್ದರೆ ಅದೇ ಬಳಿ ಬಂದು, ತಲೆಯ ಮೇಲೆ ಸುತ್ತಿ, ಕಣ್ಣು ಹೊರಳಿಸಿ ನೋಡಿಹೋಗುತ್ತದೆ. ಮುಟ್ಟಬಾರದು, ಮೈಮೇಲಿನ ಲೋಳೆಪದರ ಸೋಂಕಿನಿಂದ ಅದನ್ನು ಕಾಯುವಂಥದ್ದು. ಮೀನುಗಳಲ್ಲೇ ಅತಿ ದೊಡ್ಡ ಮಿದುಳು ಮಾಂಟಾ ಬಳಗದ್ದು. ಕನ್ನಡಿಯ ಮುಂದೆ ಅವು ತಮ್ಮನ್ನು ತಾವೇ ಪರೀಕ್ಷಿಸಿಕೊಂಡಂತೆ ನಡೆದುಕೊಂಡವೆಂದು 2016ರಲ್ಲಿ ಒಂದು ವರದಿ ಬಂತು. ಅದನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಆ ನೋಟಕ್ಕೆ ಸಿಕ್ಕವರು ಮಾತ್ರ ಅದರ ಕುತೂಹಲವನ್ನು ಅನುಮಾನಿಸುವುದಿಲ್ಲ.

ಅಂಥ ಒಂದು ಭೇಟಿಯ ಫೋಟೊ ವಿಜ್ಞಾನಕ್ಕೆ ದಾಖಲೆ. ಪ್ರತಿ ಮಾಂಟಾದ ಹೊಟ್ಟೆಯ ಮೇಲಿನ ಕಪ್ಪು ಚುಕ್ಕೆಗಳ ವಿನ್ಯಾಸ ಬೇರೆ, ಅದು ಜೀವಮಾನವಿಡೀ ಬದಲಾಗುವುದಿಲ್ಲ. ರಜೆಯಲ್ಲಿ ಮುಳುಗಲು ಬಂದವರ ಚಿತ್ರಗಳನ್ನು ಜೋಡಿಸಿಯೇ ಮಾಲ್ಡೀವ್ಸಿನ ಸಾವಿರಾರು ಮಾಂಟಾಗಳನ್ನು ಒಂದೊಂದಾಗಿ ಗುರುತಿಸಲಾಗಿದೆ. ತಿಮಿಂಗಿಲ ಶಾರ್ಕಿನ ಮೈಮೇಲೂ ಬಿಳಿ ಚುಕ್ಕೆಗಳಿವೆ. ಜಗತ್ತಿನ ಅತಿ ದೊಡ್ಡ ಮೀನದು, 18 ಮೀಟರ್ ತನಕ ಬೆಳೆಯುತ್ತದೆ, ಮಾಂಟಾದಂತೆ ಸೋಸಿಯೇ ತಿನ್ನುತ್ತದೆ. ಅದೃಷ್ಟವಿದ್ದರೆ ನೇತ್ರಾಣಿಯ ಸುತ್ತಲೂ ಕಾಣಿಸುತ್ತದೆ. ಅದರ ಚುಕ್ಕೆಗಳನ್ನು ಹೋಲಿಸುವ ವಿಧಾನ ಬಂದದ್ದು ಆಕಾಶದಿಂದ. ದೂರದರ್ಶಕದ ಎರಡು ಚಿತ್ರಗಳಲ್ಲಿ ಅದೇ ನಕ್ಷತ್ರಪುಂಜವನ್ನು ಗುರುತಿಸಲು ಖಗೋಳಶಾಸ್ತ್ರಜ್ಞ ಎಡ್ವರ್ಡ್ ಗ್ರಾತ್ 1986ರಲ್ಲಿ ರೂಪಿಸಿದ ತ್ರಿಕೋನಗಳ ಲೆಕ್ಕವನ್ನು, 2005ರಲ್ಲಿ ಖಗೋಳವಿಜ್ಞಾನಿ, ಕಂಪ್ಯೂಟರ್ ತಜ್ಞ, ಜೀವವಿಜ್ಞಾನಿ ಮೂವರು ಕೂಡಿ ಶಾರ್ಕಿನ ಮೈಗೆ ಅನ್ವಯಿಸಿದರು.

ಹೀಗೆ ಒಂದೊಂದು ಮೀನನ್ನೂ ವರ್ಷಗಟ್ಟಲೆ ಹಿಂಬಾಲಿಸಿದಾಗ ಹೊರಬಿದ್ದ ಸತ್ಯ ಸಂತೋಷದ್ದಲ್ಲ. ಬೂತಾಯಿ ಒಂದು ವರ್ಷದೊಳಗೆ ಬೆಳೆದು ಸಾವಿರಾರು ಮೊಟ್ಟೆ ಇಡುತ್ತದೆ. ಹೆಣ್ಣು ಮಾಂಟಾ ಪ್ರಾಯಕ್ಕೆ ಬರಲು ಎಂಟು ಹತ್ತು ವರ್ಷ, ಕೆಲವೆಡೆ ಅದಕ್ಕೂ ಹೆಚ್ಚು. ಗರ್ಭ ಒಂದು ವರ್ಷ. ಹೆರುವುದು ಸಾಮಾನ್ಯವಾಗಿ ಒಂದೇ ಮರಿ, ಅದೂ ಎರಡರಿಂದ ಐದು ವರ್ಷಕ್ಕೊಮ್ಮೆ. ನಲವತ್ತು ವರ್ಷ ಬದುಕಿದ ಮಾಂಟಾ ಬೆರಳೆಣಿಕೆಯ ಮರಿಗಳನ್ನಷ್ಟೇ ಬಿಟ್ಟುಹೋಗುತ್ತದೆ. ದೊಡ್ಡ ಶಾರ್ಕುಗಳದ್ದೂ ಬಹುಮಟ್ಟಿಗೆ ಇದೇ ಕಥೆ. ಹಿಡಿದಷ್ಟೂ ಮತ್ತೆ ತುಂಬಿಕೊಳ್ಳುವ ಮೀನುಗಳಲ್ಲ ಇವು. ಶಾರ್ಕ್ ರೆಕ್ಕೆಯ ಸೂಪು, ಮಾಂಟಾ ಕಿವಿರಿನ ನಾಟಿ ಔಷಧಿ ಎಂದು ಪೂರ್ವ ಏಷ್ಯಾದಲ್ಲಿ ಬೇಡಿಕೆ. ಇತರ ಮೀನಿಗೆಂದು ಬೀಸಿದ ಬಲೆಯಲ್ಲಿ ಸಿಕ್ಕಿಬೀಳುವುದು ಇನ್ನೊಂದೆಡೆ. 1970ರಿಂದೀಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ಶೇಕಡ 71ರಷ್ಟು ಕುಸಿದಿದೆಯೆಂದು 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೆಕ್ಕ ಬಂತು. 40 ಕೋಟಿ ವರ್ಷ ಬಾಳಿದ ಬಳಗಕ್ಕೆ ಐವತ್ತು ವರ್ಷದಲ್ಲಿ ಬಿದ್ದ ಪೆಟ್ಟು.

ಮಲ್ಪೆಯಲ್ಲಿ ಆ ಎರಡು ಮಾಂಟಾಗಳನ್ನು ಇಳಿಸಿದವರು ಆಗ ಕಾನೂನು ಮುರಿಯಲಿಲ್ಲ. ಭಾರತ ತಿಮಿಂಗಿಲ ಶಾರ್ಕನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದ್ದು 2001ರಲ್ಲಿ. ಹುಲಿಗಿರುವ ರಕ್ಷಣೆಯೇ ಅದಕ್ಕೂ ದೊರೆಯಿತು. ಮಾಂಟಾಗಳ ಸರದಿ ಬಂದದ್ದು 2022ರ ತಿದ್ದುಪಡಿಯಲ್ಲಿ, 2023ರ ಏಪ್ರಿಲ್ 1ರಂದು ಅದು ಜಾರಿಯಾಯಿತು. ಮೀನುಗಾರನ ಹೊಟ್ಟೆಪಾಡನ್ನು ಮರೆತು ಕಾನೂನು ಮಾತ್ರ ಓದಿದರೆ ಸಾಲದು. ಗುಜರಾತಿನಲ್ಲಿ 2004ರಿಂದ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಅರಣ್ಯ ಇಲಾಖೆ ಹಿಡಿದ ದಾರಿ ಈ ಕಾರಣಕ್ಕೆ ಗಮನಾರ್ಹ. ಪ್ರವಚನಕಾರ ಮೊರಾರಿ ಬಾಪು ತಿಮಿಂಗಿಲ ಶಾರ್ಕನ್ನು ಹೆರಿಗೆಗೆ ತವರಿಗೆ ಬರುವ ಮಗಳೆಂದು ಕರೆದರು. ಸರಕಾರ, ಶಾರ್ಕ್ ಬಿಡಿಸಲು ಕತ್ತರಿಸಿದ ಬಲೆಗೆ ಪರಿಹಾರ ಕೊಡತೊಡಗಿತು. ಹಿಂದೆ ಅದೇ ಮೀನನ್ನು ಬೇಟೆಯಾಡಿದ ಕೈಗಳೇ ಈಗ ಬಲೆ ಕತ್ತರಿಸುತ್ತಿವೆ. ಆ ಕೆಲಸ ಈಚೆಗೆ ಕೇರಳ, ಕರ್ನಾಟಕದ ಕರಾವಳಿಗೂ ಚಾಚಿದೆ.

ಮಾಂಟಾದ ವಿಷಯದಲ್ಲಿ ಸಮಯ ಇನ್ನೂ ಕಡಿಮೆ. ಅದು ಕಿವಿರಿಗೆ ನೀರು ಹಾಯಿಸಿಕೊಳ್ಳುವುದು ಈಜುವುದರಿಂದ. ಬಲೆಯಲ್ಲಿ ನಿಂತರೆ ಉಸಿರು ನಿಲ್ಲುತ್ತದೆ. ಬಿಡಿಸುವವರು ಕೊಕ್ಕೆ ಹಾಕಬಾರದು, ಕಿವಿರಿನ ಸೀಳಿಗೋ ಬಾಯಿಯ ಪಕ್ಕದ ಮಡಿಕೆಗೋ ಹಗ್ಗ ಕಟ್ಟಿ ಎಳೆಯಬಾರದು. ಸಾಧ್ಯವಾದರೆ ನೀರಿನಲ್ಲಿದ್ದಂತೆಯೇ ಬಲೆ ಕೊಯ್ಯಬೇಕು. ದೋಣಿಯೊಳಗೆ ಬಂದುಬಿಟ್ಟಿದ್ದರೆ ಅಗಲವಾದ ತಾಡಪಾಲು ಅಥವಾ ದಪ್ಪ ಬಲೆಯ ತುಂಡನ್ನು ಹೊಟ್ಟೆಯಡಿ ತೂರಿಸಿ, ನಾಲ್ಕು ಮೂಲೆ ಹಿಡಿದು, ಕ್ರೇನಿದ್ದರೆ ಕ್ರೇನಿನಿಂದಲೇ, ತಡಮಾಡದೆ ಮರಳಿ ನೀರಿಗೆ ಇಳಿಸಬೇಕು.